ಸಮುದ್ರಸೌತೆಯ ಉಪಚಾರ

ಹೆಣ್ಣಿನ ಮನೆಯವರು ಕರೆದ ಮೊದಲ ಊಟ. ಹಾಂಗ್‌ಕಾಂಗಿನ ದುಬಾರಿ ಹೋಟೆಲಿನ ದುಂಡುಮೇಜಿನಲ್ಲಿ ಕಿನ್‌ಹೋನ ಬಟ್ಟಲಿಗೆ ಭಾವೀ ಅತ್ತೆ ಗೌರವದ ಅತಿಥಿಗಳಿಗೆಂದೇ ತರಿಸುವ ಬೆಲೆಬಾಳುವ ಸಮುದ್ರಸೌತೆಯೊಂದನ್ನು ಕೈಯಾರೆ ಬಡಿಸಿದರು. ಅವರು ಒಪ್ಪದೆ ಮದುವೆಯಿಲ್ಲ. ರಬ್ಬರಿನಂಥ ಆ ಕಡಲಜೀವಿಯನ್ನು ಅವನು ಉಸಿರು ಬಿಗಿಹಿಡಿದು ಗುಳುಂ ಮಾಡಿದ.

ಅತಿಥಿಯ ಬಟ್ಟಲು ಖಾಲಿ ಇರಬಾರದು.

"ನೋಡ್ರೀ, ಹುಡುಗನಿಗೆ ಎಷ್ಟಿಷ್ಟ!" ಎಂದು ಅತ್ತೆ ತಮ್ಮ ಪಾಲನ್ನೂ ಹಾಕಿದರು. ಮಾವ ತಮ್ಮದನ್ನು ಕೊಟ್ಟರು. ಹುಡುಗಿಯ ಅಜ್ಜಿಯೂ ಕೊಟ್ಟರು.

"ನೀವ್ಯಾರೂ ತಿನ್ನಲ್ವಾ, ಆಂಟಿ?" ಎಂದ, ಎಲ್ಲವನ್ನೂ ನುಂಗಿ.

ಅಜ್ಜಿಯೇ ಉತ್ತರಿಸಿದರು: "ಅಯ್ಯೋ, ಇದನ್ಯಾರು ತಿಂತಾರಪ್ಪಾ! ತರಿಸದಿದ್ರೆ ನೀನೇನಂದ್ಕೋತೀಯೋ ಅಂತ ತರಿಸಿದ್ದು."

ಮದುವೆಗೆ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಪ್ರತಿ ಹಬ್ಬಕ್ಕೂ ಅತ್ತೆ ಸಮುದ್ರಸೌತೆ ಬೇಯಿಸುತ್ತಾರೆ, ಅಳಿಯನೊಬ್ಬನಿಗೆ.