ಹೊಳೆಯಲ್ಲಿ ಕರಗಿದ ಟೊಪ್ಪಿಗೆ

ಗೋಕಾಕದ ಪೇಟೆಯಲ್ಲಿ ಕೆಂಚಪ್ಪನ ಟೊಪ್ಪಿಗೆ ಅಂಗಡಿಯೆಂದರೆ ಹುಕ್ಕೇರಿ, ಮೂಡಲಗಿಯವರೂ ಹುಡುಕಿಕೊಂಡು ಬರುತ್ತಿದ್ದ ಕಾಲ ಅದು. ತಾನು ಆ ಮನೆಗೆ ಸೊಸೆಯಾಗಿ ಬಂದ ವರ್ಷವನ್ನು ನೆನೆದಾಗಲೆಲ್ಲ ಕಾಶೆವ್ವನ ಮೂಗಿಗೆ ಮೊದಲು ಬರುವುದು ಹುಣಸೆಬೀಜದ ಅಂಟಿನ ವಾಸನೆ. ಮಾವ ಕೆಂಚಪ್ಪ ಹಳೆಯ ಕಾಗದಕ್ಕೆ ಆ ಅಂಟು ಬಳಿದು, ಪದರದ ಮೇಲೆ ಪದರ ಕೂಡಿಸಿ, ಮೇಲೆ ಕರಿ ಮಖಮಲ್ಲು ಹೊದಿಸುತ್ತಿದ್ದ. ವಕೀಲರ ತಲೆಯ ಮೇಲೆ ಅದು ಗಾಳಿಗೂ ಬಾಗದೆ ನಿಲ್ಲುತ್ತಿತ್ತು. ಗಂಡಸರ ಟೊಪ್ಪಿಗೆಗೆ ಹೆಂಗಸರು ಸೂಜಿ ಹಾಕಬಾರದೆಂಬುದು ಮನೆಯ ಕಟ್ಟು. ಕಾಶೆವ್ವನ ಪಾಲಿಗೆ ಕೂಸುಗಳ ತಲೆ-ಬೆನ್ನು ಮುಚ್ಚುವ ಕುಂಚಿಗೆ ಮಾತ್ರ.

ಮಾವ ಲಿಂಗೈಕ್ಯನಾದ. ಸಾವಿರದ ಒಂಬೈನೂರ ಮೂವತ್ತರ ಸುಮಾರಿಗೆ, ಸ್ವದೇಶಿ ಚಳವಳಿಯ ಹುರುಪಿನಲ್ಲಿ, ಜನ ಪರದೇಶಿ ಮಖಮಲ್ಲನ್ನು ಬೀದಿಯಲ್ಲಿ ಸುಡತೊಡಗಿದರು. ಊರ ತಲೆಗಳೆಲ್ಲ ಖಾದಿ ಟೊಪ್ಪಿಗೆಯಿಂದ ಬಿಳಿಯಾದವು. ಗಂಡ ಅಣ್ಣಪ್ಪ ಒಲ್ಲದ ಮನಸ್ಸಿನಿಂದ ಖಾದಿ ಕತ್ತರಿಸಿದ. ಆದರೆ ಕೈ ಅಪ್ಪನದೇ. ಒಳಗೆ ಅದೇ ಕಾಗದ, ಅದೇ ಅಂಟು. ಹನ್ನೆರಡು ಟೊಪ್ಪಿಗೆ ಒಂದೇ ಸಂತೆಯಲ್ಲಿ ಹೋದವು.

ಎಂಟು ದಿನಕ್ಕೆ ಕನ್ನಡ ಸಾಲೆಯ ಅಲ್ಲಪ್ಪ ಮಾಸ್ತರರು ಬಂದರು. ಕೈಯಲ್ಲಿ ತೊಯ್ದ ಮುದ್ದೆಯಂಥದೊಂದು.

"ಅಣ್ಣಪ್ಪಾ, ಹೊಳ್ಯಾಗ ಒಂದ್ ಸಲ ಅದ್ದೀನಿ ನೋಡು. ಟೊಪ್ಪಿಗಿ ಅಲ್ಲೋ ಇದು, ಅಂಬಲಿ!"

"ಕರೇದನ್ನ ಯಾರರ ತೊಳೀತಿದ್ರೇನ್ರಿ, ಮಾಸ್ತರ?"

"ಬಿಳೇದು ತೊಳೀದಿದ್ರ ಸಾಲಿ ಹುಡುಗರು ನಗತಾರಪಾ. ಉಳಿದ ಹನ್ನೊಂದು ಮಂದೀನೂ ಬರಾಕತ್ತಾರ, ತಯಾರಿರು."

ಅಣ್ಣಪ್ಪ ಅಂಗಡಿ ಮುಚ್ಚಲು ಬಾಗಿಲ ಹಲಗೆ ಎತ್ತಿದ. "ಸಾಕು. ಅಪ್ಪನ ಹೆಸರು ನೀರಾಗ ಹೋತು. ನಾಳಿಂದ ನಾ ನೂಲಿನ ಗಿರಣಿ ಕೆಲಸಕ್ಕ ಹೋಗ್ತೀನಿ."

ಕಾಶೆವ್ವ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಪ್ಪತ್ತು ವರ್ಷ ಉಸಿರಾಡಿದ ಅಂಗಡಿ. ಒಳಗೋಡಿ ಒಂದು ಕುಂಚಿಗೆ ತಂದು ಅವನ ಮುಂದೆ ಹಿಡಿದಳು.

"ಕೂಸು ಉಚ್ಚಿ ಹೊಯ್ಕೊಂತೈತಿ, ದಿನಾ ಒಗೀತಾರ. ಇದರಾಗ ಕಾಗದ ಹಾಕೀನೇನ್ರಿ? ಅರಿವಿ ಮ್ಯಾಲ ಅರಿವಿ ಇಟ್ಟು ಒತ್ತೊತ್ತಿ ಹೊಲದೀನಿ. ಹಂಗ ಹೊಲದ್ರ ಟೊಪ್ಪಿಗೀನೂ ನಿಲ್ಲತೈತಿ."

"ಗಂಡಸರ ತಲಿಗೆ ಕುಂಚಿಗಿ ಹೊಲೀತೀಯೇನು?"

"ಹೊಲೀಲಿ ಬಿಡೋ," ಮಾಸ್ತರರು ನಕ್ಕರು. "ಅಂಬಲಿಕಿಂತ ಕುಂಚಿಗಿ ಪಾಡು."

ಹೊತ್ತು ಇಳಿಯುವುದರೊಳಗೆ ಅವಳು ಒಂದನ್ನು ಹೊಲಿದು ಕೊಟ್ಟಳು. ಅಣ್ಣಪ್ಪ ತಾನೇ ಅದನ್ನು ಹೊಳೆಗೆ ಒಯ್ದ. ಕಲ್ಲಿಗೆ ಬಡಿದ, ಹಿಂಡಿದ, ಸಿಟ್ಟಿನಿಂದ ಮತ್ತೆ ಬಡಿದ. ಟೊಪ್ಪಿಗೆ ಟೊಪ್ಪಿಗೆಯಾಗಿಯೇ ಉಳಿಯಿತು.

ತಿರುಗಿ ಬಂದವನು ಅದನ್ನು ಅಂಗಡಿಯ ಮುಂದಿನ ಗೂಟಕ್ಕೆ ಒಣಹಾಕಿದ. ಅಂಗಡಿಯ ಗಾದಿಯ ಮೇಲೆ ಒಂದು ಬದಿಗೆ ಸರಿದು ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ಝಾಡಿಸಿದ.

"ಬಾ, ಇಲ್ಲೇ ಕೂಡು. ಪ್ಯಾಟ್ಯಾಗಿನ ಮಂದಿ ನೋಡಿದ್ರ ನೋಡ್ಲಿ."

ಕಾಶೆವ್ವ ಸೆರಗು ಸರಿಮಾಡಿಕೊಂಡು, ಮನದಲ್ಲೇ ಶಿವಾ ಎಂದು, ಕುಳಿತಳು.