ಖಾಲಿ ಮೊಳೆ

ಜಯರಾಮಪ್ಪ ಬಿದಿರಿನ ತುದಿಗೆ ಕೈ ಹಾಕಿದೊಡನೆ ಪಾಪಕ್ಕ ಇನ್ನೊಂದು ತುದಿ ಹಿಡಿದು ಎಳೆದುಕೊಂಡಳು. ಬಿದಿರು ಅವನ ಅಂಗೈಯನ್ನು ಗೀರಿಕೊಂಡು ಹೋಯಿತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಬೇವಿನ ಮರದ ಬುಡಕ್ಕೆ ಹೋಗಿ ನಿಂತ. ಹದಿನೆಂಟು ವರ್ಷದಿಂದ ಅವಳು ಅವನೊಡನೆ ಮಾತಾಡಿರಲಿಲ್ಲ.

"ಚಟ್ಟ ಕಟ್ಟೋಕೆ ಒಂದ್ ಆಳು ಬಂತು ಅಂದ್ಕೊಂಡ್ರೆ ಅದೂ ಓಯ್ತು," ಎಂದ ಚಿಕ್ಕವೆಂಕಟಪ್ಪ. ನಾರಿನ ಹಗ್ಗದ ತುದಿ ಅವನ ಹಲ್ಲಿನಲ್ಲಿತ್ತು. ನಂದಿದುರ್ಗ ಚಿನ್ನದ ಗಣಿಯ ಲೈನುಗಳಲ್ಲಿ, ಆಳುಗಳ ಆ ಮನೆಸಾಲುಗಳಲ್ಲಿ, ಯಾರು ಸತ್ತರೂ ಚಟ್ಟ ಕಟ್ಟುವವನು ಈ ಮುದುಕನೇ.

ಮುನಿನಾರಾಯಣಪ್ಪನನ್ನು ಜಗುಲಿಯ ಚಾಪೆಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ಅವನ ಕೆಮ್ಮು ನಿಂತಿತ್ತು. ಕೆಮ್ಮು ನಿಂತದ್ದಕ್ಕೇ ಹೆಂಡತಿ ಮುತ್ಯಾಲಮ್ಮನಿಗೆ ಎಚ್ಚರವಾಗಿತ್ತು. ಈಗ ಅವಳು ಅವನ ತಲೆಯ ಬಳಿ ಕುಳಿತಿದ್ದಳು. ಅತ್ತಿರಲಿಲ್ಲ. ಅವನ ಕಿವಿಯ ಹಿಂದೆ ಅಂಟಿದ್ದ ವಿಭೂತಿಯ ಪುಡಿಯನ್ನು ಬೆರಳಿನಿಂದ ತೆಗೆಯುತ್ತಿದ್ದಳು.

"ಇವ್ನು ಬದುಕಿರೋವಾಗ ಸಾಲು ಮುರ್ದೋನಲ್ಲ," ಎಂದ ಚಿಕ್ಕವೆಂಕಟಪ್ಪ. "ರೇಷನ್ ಅಂಗ್ಡೀಲಿ ಸಕ್ರೆ ಮುಗೀತು ಅಂತ ಕೂಗಿದ್ಮೇಲೂ ನಿಂತಿದ್ದ. ಯಾಕ್ಲಾ ನಿಂತಿದ್ದೀಯ ಅಂದ್ರೆ, ನನ್ ಸರದಿ ಬರ್ಲಿ, ಇಲ್ಲ ಅಂತ ನಂಗೂ ಒಂದ್ ಮಾತು ಏಳ್ಲಿ ಅಂದ."

ಯಾರೋ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಇವತ್ತೊಂದಿನ ಸಾಲು ಮುರ್ದ. ನಾನು ಮುಂದಿದ್ದೆ, ನನ್ನ ಇಂದಕ್ಕೆ ತಳ್ಳಿ ಓದ." ಮುದುಕ ಹಗ್ಗವನ್ನು ಎಳೆದು ಗಂಟು ಹಾಕಿದ. "ಸರಿ. ನನ್ ಮಕ್ಳು ಇಬ್ರು, ಅಳಿಯ ಒಬ್ಬ. ನಾಕನೇ ಭುಜ ಯಾರ್ದು?"

"ಜಯರಾಮಣ್ಣಂದು," ಎಂದಳು ಮುತ್ಯಾಲಮ್ಮ.

ಪಾಪಕ್ಕ ಬಿದಿರನ್ನು ನೆಲಕ್ಕೆ ಹಾಕಿದಳು. ಅವಳು ಸತ್ತವನ ಅಣ್ಣ ಪಿಳ್ಳಪ್ಪನ ಹೆಂಡತಿ. ವಿಧವೆಯಾದ ಮೇಲೆ ಈ ಮನೆಯಲ್ಲೇ ಇದ್ದವಳು.

"ಏನಂದೆ?"

"ಅವ್ರೇ ಏಳವ್ರೆ ಅಕ್ಕಾ. ಮೊನ್ನೆ ರಾತ್ರಿ. ಜಯರಾಮಂಗೆ ಏಳಿಕಳ್ಸು, ನಂಗೆ ಅವ್ನು ಭುಜ ಕೊಡ್ಬೇಕು ಅಂದ್ರು."

"ನನ್ ಗಂಡನ್ನ ಮಣ್ಣಿಗಾಕ್ದೋನ ಭುಜದ ಮ್ಯಾಲೆ ನನ್ ಮೈದ್ನ ಓಗಲ್ಲ. ಓಗೋದಾದ್ರೆ ನನ್ನೂ ಅದೇ ಚಟ್ಟಕ್ಕೆ ಕಟ್ಟಿ."

ಜಯರಾಮಪ್ಪ ಬೇವಿನ ಬುಡದಿಂದಲೇ ಹೇಳಿದ. "ನಾನು ಕೇಳ್ಲಿಲ್ಲಮ್ಮ. ಬಂಗಾರಪೇಟೆಯಿಂದ ಬಂದಿದ್ದು ಮೊಕ ನೋಡೋಕೆ. ನೋಡ್ದೆ. ಸಂಜೆ ರೈಲಿಗೆ ಓಯ್ತೀನಿ. ನಂಗೂ ಅವ್ನಿಗೂ ಭುಜ ಕೊಡೋವಂಥ ಬಾಂಧವ್ಯ ಏನೂ ಉಳಿದಿಲ್ಲ. ಪರದೇಶದ ಪೊಲೀಸ್ರ ತಾವ ನನ್ನ ಎಸ್ರು ಏಳಿಬಂದೋನು ಅವ್ನು."

*

ನಂದಿದುರ್ಗದಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಬಾಗಿಲ ಬಳಿ ಒಂದು ಕಿಟಕಿಯಿದೆ. ಕಿಟಕಿಯ ಹಿಂದೆ ಹಲಗೆ, ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆಯ ಬಿಲ್ಲೆ. ಕೆಳಗೆ ಇಳಿಯುವವನು ತನ್ನ ಬಿಲ್ಲೆಯನ್ನು ಒಯ್ಯುತ್ತಾನೆ, ಮೇಲೆ ಬಂದವನು ಹಿಂದಿರುಗಿಸುತ್ತಾನೆ. ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಎಂದು ಅರ್ಥ.

ಹದಿನೆಂಟು ವರ್ಷದ ಹಿಂದೆ ಒಂದು ದಿನ ಒಳಗೆ ಬಂಡೆ ಸಿಡಿಯಿತು. ಏರ್ ಬ್ಲಾಸ್ಟ್ ಎನ್ನುತ್ತಾರೆ. ಮೇಲೆ ಲೈನುಗಳಲ್ಲಿ ಪಾತ್ರೆಗಳು ಉರುಳಿದವು. ಇಪ್ಪತ್ತೊಂದು ತುಂಬದ ಜಯರಾಮಪ್ಪ ಕತ್ತಲೆಯಲ್ಲಿ ಏಣಿ ಹಿಡಿದು, ಹಳೆಯ ಇನ್ನೊಂದು ಶಾಫ್ಟಿನಿಂದ ಹೊರಗೆ ಬಿದ್ದು, ಕಿಟಕಿಯ ಕಡೆ ತಿರುಗಿಯೂ ನೋಡದೆ ಮನೆಗೆ ಓಡಿದ. ಕಂಬಳಿ ಹೊದ್ದು ಮಲಗಿದ. ಬಿಲ್ಲೆ ಅವನ ಜೇಬಿನಲ್ಲೇ ಇತ್ತು.

ಕಿಟಕಿಯಲ್ಲಿ ಎಲ್ಲ ಮೊಳೆಗಳೂ ತುಂಬಿ ಒಂದು ಮಾತ್ರ ಖಾಲಿ ಉಳಿಯಿತು. "ಜಯರಾಮ ಒಳಗವ್ನೆ," ಎಂದು ಪಿಳ್ಳಪ್ಪ ಮತ್ತೆ ಇಳಿದ. ಅವನು ಹುಡುಕುತ್ತಿದ್ದಾಗ ಎರಡನೇ ಬಂಡೆ ಸಿಡಿಯಿತು.

ಅಣ್ಣನನ್ನು ಆಳುಗಳನ್ನು ಏರಿಳಿಸುವ ಕೇಜಿನಲ್ಲಿ ಮೇಲೆ ತಂದವನು ಮುನಿನಾರಾಯಣಪ್ಪ. ಲೈನಿನವರೆಲ್ಲ ಜಯರಾಮಪ್ಪನ ಮನೆಯ ಮುಂದೆ ಸೇರಿ ಕಲ್ಲು ಎತ್ತಿಕೊಂಡಾಗ ಅವನು ಬಾಗಿಲಿಗೆ ಅಡ್ಡ ನಿಂತ.

"ಎದರ್ದೋನು ಮನೆಗೆ ಓಡ್ತಾನೆ. ಅದು ತಪ್ಪಲ್ಲ," ಎಂದ. "ಮೊಳೆ ಖಾಲಿ ಬಿಟ್ಟಿದ್ದು ತಪ್ಪು."

ಅದನ್ನು ಅವನು ಮತ್ತೆ ಯಾವತ್ತೂ ಹೇಳಲಿಲ್ಲ. ಆದರೆ ಆಮೇಲೆ ಜಯರಾಮಪ್ಪನ ಜೊತೆ ಕೆಳಗೆ ಇಳಿಯಲು ಯಾರೂ ಒಪ್ಪಲಿಲ್ಲ. ಅವನನ್ನು ಕೆಲಸದಿಂದ ತೆಗೆದರು. ಕೆಲವು ವರ್ಷಗಳ ನಂತರ, ಸಿಲೋನಿನಲ್ಲಿ ಪೆನ್ಸಿಲಿನ ಕಡ್ಡಿಗೆ ಬೇಕಾದ ಕರಿಗಲ್ಲು ತೆಗೆಯುವ ಗಣಿಗೆ ಮರದ ಕಂಬ ಕೊಟ್ಟು ಚಾವಣಿ ನಿಲ್ಲಿಸಬಲ್ಲವರು ಬೇಕು ಎಂದು ಒಬ್ಬ ಮೇಸ್ತ್ರಿ ಬಂದಾಗ, ಮುನಿನಾರಾಯಣಪ್ಪ ಎರಡು ಹೆಸರು ಕೊಟ್ಟ. ಒಂದು ತನ್ನದು. ಇನ್ನೊಂದು ಜಯರಾಮಪ್ಪನದು. ಆ ದಿನ ಪಾಪಕ್ಕ ಮೈದುನನಿಗೆ ಊಟ ಬಡಿಸಲಿಲ್ಲ.

*

ಹೆಣಕ್ಕೆ ನೀರು ಹಾಕಿದ್ದಾಯಿತು. ಸಿಲೋನಿನಿಂದ ತಂದಿದ್ದ ಬಿಳಿ ಅಂಗಿಯನ್ನು ಮುತ್ಯಾಲಮ್ಮ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಬಿಸಿಲು ಏರುತ್ತಿತ್ತು. ತಮಟೆಯವರು ಬೀಡಿ ಆರಿಸಿ ಎದ್ದು ನಿಂತರು. ನಾಲ್ಕನೇ ಭುಜ ಇನ್ನೂ ತೀರ್ಮಾನವಾಗಿರಲಿಲ್ಲ.

"ಬ್ಯಾರೆ ಯಾರಾರ ಬರ್ರಪ್ಪಾ," ಎಂದ ಚಿಕ್ಕವೆಂಕಟಪ್ಪ. "ಇವ್ನು ಕುಳ್ಳ ಬ್ಯಾರೆ. ಇವ್ನು ಭುಜ ಕೊಟ್ರೆ ಚಟ್ಟ ವಾಲುತ್ತೆ."

ಯಾರೂ ಮುಂದೆ ಬರಲಿಲ್ಲ. ಸತ್ತವನು ಹೆಸರು ಹಿಡಿದು ಕೇಳಿದ ಮೇಲೆ ಆ ಜಾಗಕ್ಕೆ ಬೇರೆಯವರು ನಿಲ್ಲುವುದು ಹೇಗೆ? ಪಾಪಕ್ಕ ಬೆನ್ನು ತಿರುಗಿಸಿ ಕೂತಿದ್ದಳು.

ಮುತ್ಯಾಲಮ್ಮ ಎದ್ದು ಜಗುಲಿಯ ಅಂಚಿಗೆ ಬಂದಳು.

"ಜಯರಾಮಣ್ಣಾ, ಪೊಲೀಸ್ರ ತಾವ ನಿನ್ನ ಎಸ್ರು ಏಳ್ದ ಅಂದ್ಯಲ್ಲ. ಎಸ್ರು ಏಳಿ ಆಮ್ಯಾಲೆ ನಮ್ಮನೆಯೋರು ಏನಂದ್ರು, ಗೊತ್ತಾ ನಿಂಗೆ?"

"ಏನಂದ್ರೇನು. ನನ್ನ ಎಸ್ರು ಅವ್ರ ಪುಸ್ತಕ ಸೇರ್ತು. ನಾನು ಮತ್ತೆ ಸಿಲೋನಿಗೆ ಓಗ್ತೀನಿ ಅಂದಾಗ ಆಗಲ್ಲ ಅಂದ್ರು. ಅವ್ನು ಮಾತ್ರ ಜುಮ್ಮಂತ ಓದ."

"ಅವ್ರು ಅದನ್ನ ಏಳೋಕೆ ಬಂಗಾರಪೇಟೆ ಸ್ಟೇಷನ್ನಿಗೆ ಎಷ್ಟು ಸಲ ಬಂದ್ರು? ನೀನು ಮೂಟೆ ಒತ್ಕೊಂಡು ಆ ಕಡೆ ಪ್ಲಾಟ್‌ಫಾರಮ್ಮಿಗೆ ದಾಟ್ಬಿಡ್ತಿದ್ದೆ."



*

ಸಿಲೋನಿನಲ್ಲಿ ಇರಲು ಮುನಿನಾರಾಯಣಪ್ಪನಿಗೂ ಜಯರಾಮಪ್ಪನಿಗೂ ಕೊಟ್ಟಿದ್ದ ಅವಧಿ ಮುಗಿದು ಹೋಗಿತ್ತು. ನಾನು ಮುಂದುವರಿಸಿಕೊಡುತ್ತೇನೆ ಎಂದ ಮೇಸ್ತ್ರಿ ಅವರ ಕಾಗದಗಳನ್ನು ಇಟ್ಟುಕೊಂಡು ಮಳೆಗಾಲವೆಲ್ಲ ಕಳೆದ. ಅಷ್ಟರಲ್ಲಿ ಸರ್ಕಾರ ಬಿಗಿಯಾಯಿತು. ಅವಧಿ ಮೀರಿದವರನ್ನು ತೋಟಗಳಲ್ಲಿ, ಗಣಿಗಳಲ್ಲಿ ಹುಡುಕಿ ಹಿಡಿಯತೊಡಗಿದರು. ಮೀನಿನ ದೋಣಿಯೊಂದು ಕತ್ತಲಲ್ಲಿ ಹೊರಡುವುದಿದೆ, ಬೆಳಗಾಗುವುದರೊಳಗೆ ನಮ್ಮ ದಡ ಎಂದು ಜಯರಾಮಪ್ಪ ಸುದ್ದಿ ತಂದ.

"ಬಾರ್ಲಾ. ಯಾರಿಗೂ ಗೊತ್ತಾಗಲ್ಲ."

"ಅದಕ್ಕೇ ಬರಲ್ಲ," ಎಂದ ಮುನಿನಾರಾಯಣಪ್ಪ. "ನಾವು ಓಗಿದ್ದು ಗೊತ್ತಾಗ್ದಿದ್ರೆ ಒಳಗವ್ರೆ ಅಂತ್ಲೇ ಉಡುಕ್ತಾರೆ."

ಜಯರಾಮಪ್ಪ ದೋಣಿ ಹತ್ತಿದ. ಮುನಿನಾರಾಯಣಪ್ಪ ಅಂಗಿ ಒಗೆದು, ಒಣಗಿಸಿ, ತೊಟ್ಟುಕೊಂಡು ಕೊಲಂಬೊಗೆ ಹೋದ. ಸಮುದ್ರದ ಎದುರಿಗಿದ್ದ ದೊಡ್ಡ ಕಟ್ಟಡ, ಹೊರನಾಡಿನವರ ಲೆಕ್ಕ ಇಡುವ ಕಚೇರಿ. ಬಾಗಿಲಲ್ಲಿ ಪೊಲೀಸರು. ಒಳಗಿನಿಂದ ಹೊರಗೆ ಜನರನ್ನು ಸಾಲಾಗಿ ನಡೆಸಿಕೊಂಡು ಬರುತ್ತಿದ್ದರು, ಹಡಗಿಗೆ. ಆ ಸಾಲಿನ ಪಕ್ಕದಲ್ಲೇ ಅವನು ಎದುರು ದಿಕ್ಕಿಗೆ ನಡೆದು ಒಳಗೆ ಹೋದ.

ಅಧಿಕಾರಿಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದ. ನಿನ್ನನ್ನು ಹಿಡಿದು ತಂದವರು ಯಾರು?

"ಯಾರೂ ಇಲ್ಲ ಸ್ವಾಮಿ," ಎಂದ ಮುನಿನಾರಾಯಣಪ್ಪ, ಲೈನಿನಲ್ಲಿ ಕಲಿತ ತಮಿಳಿನಲ್ಲಿ. "ನನ್ನ ಅವಧಿ ಮುಗಿದಿದೆ. ಬಂದಿದ್ದೇನೆ, ಬರೆದುಕೊಳ್ಳಿ. ಇನ್ನೊಬ್ಬನಿದ್ದ, ಜಯರಾಮಪ್ಪ ಅಂತ. ಅವನು ಮೇಲಕ್ಕೆ ಹೋದ. ಅವನಿಗಾಗಿ ಯಾರನ್ನೂ ಒಳಗೆ ಕಳಿಸಬೇಡಿ."

ಮೇಲಕ್ಕೆ ಎಂದರೆ ಎಲ್ಲಿಗೆ ಎಂದು ಅಧಿಕಾರಿ ಕೇಳಿದನಂತೆ. ಇವನು ಕಿಟಕಿಯಿಂದ ಕಾಣುತ್ತಿದ್ದ ಸಮುದ್ರದ ಕಡೆ ಕೈ ತೋರಿಸಿದನಂತೆ.

ದಂಡ ಹಾಕಿದರು. ಕೆಲವು ವಾರ ತಂತಿಬೇಲಿಯೊಳಗೆ ಇಟ್ಟರು. ಆಮೇಲೆ ಹೊರಟುಹೋದ ಎಂದು ಅವನ ಕಾಗದಕ್ಕೆ ಮುದ್ರೆ ಒತ್ತಿ ಧನುಷ್ಕೋಡಿಯ ಹಡಗಿಗೆ ಹತ್ತಿಸಿದರು. ಅವನು ಕೈಬೀಸಿಕೊಂಡು ಮನೆಗೆ ಬಂದಾಗ ಮುತ್ಯಾಲಮ್ಮ ಲೈನಿಗೆಲ್ಲ ಕೇಳುವಂತೆ ಬೈದಳು.

"ಕೋಳಿಗಳ್ಳರೂ ಪೊಲೀಸ್ರನ್ನ ಕಂಡ್ರೆ ಓಡ್ತಾರೆ. ನಮ್ ಮಹಾರಾಜ್ರು ತಾವೇ ನಡ್ಕೊಂಡೋಗಿ ಬಾಗ್ಲು ತಟ್ಟವ್ರೆ!"

ಅವನು ನಕ್ಕ. ನಾಳೆಯಿಂದ ಪಾಸ್‌ಪೋರ್ಟಿಗೆ ಓಡಾಡಬೇಕು ಎಂದ.

ಎರಡು ವರ್ಷ ಓಡಾಡಿದ. ಬೆಂಗಳೂರು, ಮದ್ರಾಸು. ಸಿಲೋನಿನ ಗಣಿಯ ದೊರೆ, ಈ ಮನುಷ್ಯ ಬೇಕು ಎಂದು ಬರೆದುಕೊಟ್ಟ. ಮದ್ರಾಸಿನ ಕಚೇರಿಯವರು ಬಾ ಎಂದ ದಿನ ಹೋದ, ನಾಳೆ ಬಾ ಎಂದರೆ ರೈಲುನಿಲ್ದಾಣದಲ್ಲಿ ಮಲಗಿ ನಾಳೆ ಹೋದ. ಹಳೆಯ ಮುದ್ರೆಯನ್ನು ಬಚ್ಚಿಡು ಎಂದವರಿಗೆ, ಅದೇ ನನ್ನ ಬಿಲ್ಲೆ ಎಂದ. ಕೊನೆಗೆ ಒಂದು ದಿನ ವೀಸಾ ಒತ್ತಿಸಿಕೊಂಡು ಬಂದ. ಮುತ್ಯಾಲಮ್ಮ ಬಂಗಾರಪೇಟೆಯವರೆಗೆ ಹೋಗಿ ಅವನನ್ನು ಮದ್ರಾಸಿನ ರೈಲಿಗೆ ಹತ್ತಿಸಿದಳು.

ಐದು ವರ್ಷ ದುಡಿದು, ಎದೆಯ ತುಂಬ ಧೂಳು ತುಂಬಿಕೊಂಡು ಹಿಂದಿರುಗಿದಾಗ ಅವನು ಸಿಲೋನಿನ ಬಗ್ಗೆ ಹೇಳಿದ್ದು ಸ್ವಲ್ಪ. ಅದರಲ್ಲಿ ಒಂದನ್ನು ಮತ್ತೆ ಮತ್ತೆ ಹೇಳಿದ. ಎರಡನೇ ಸಲ ಹಡಗಿಳಿದಾಗ ದಡದಲ್ಲಿ ಕೂತಿದ್ದ ಅಧಿಕಾರಿ ಹಳೆಯ ಮುದ್ರೆ ನೋಡಿದ, ಹೊಸ ವೀಸಾ ನೋಡಿದ, ಇವನ ಮುಖ ನೋಡಿದ. "ವಾ" ಎಂದ. ತಮಿಳಿನಲ್ಲಿ, ಬಾ ಎಂದು.

"ಅಷ್ಟೇ ಕಣೇ. ವಾ ಅಂದ. ಸಮುದ್ರದಷ್ಟು ದೊಡ್ಡದು ಅನ್ನಿಸ್ತು."

ಕೆಮ್ಮಿನ ನಡುವೆ ಅವನು ಇದನ್ನು ಹೇಳುವಾಗ ಮುತ್ಯಾಲಮ್ಮನಿಗೆ ಮೈ ಜುಮ್ಮೆನ್ನುತ್ತಿತ್ತು. ಹೊರಗೆ ಬರುವ ಸಾಲಿನ ಪಕ್ಕದಲ್ಲಿ ಒಬ್ಬನೇ ಒಳಗೆ ನಡೆದು ಹೋಗುತ್ತಿರುವ, ಒಗೆದ ಅಂಗಿ ತೊಟ್ಟ ಆ ಮನುಷ್ಯ, ದಿನವೂ ತನ್ನ ಮುಂದೆ ಕೂತು ಮುದ್ದೆ ಉಣ್ಣುವವನೇ ಎಂದು ನೋಡುತ್ತಿದ್ದಳು.

*

"ಅವ್ನು ಮೇಲಕ್ಕೋದ, ಅವ್ನಿಗೋಸ್ಕರ ಯಾರ್ನೂ ಒಳಗೆ ಕಳಿಸ್ಬ್ಯಾಡಿ. ಅಲ್ಲಿ ಏಳಿದ್ದು ಇದು," ಎಂದಳು ಮುತ್ಯಾಲಮ್ಮ. ಈಗ ಅವಳು ನೋಡುತ್ತಿದ್ದುದು ಪಾಪಕ್ಕನ ಬೆನ್ನನ್ನು. "ಇನ್ನೊಬ್ಬ ಪಿಳ್ಳಪ್ಪ ಬಾವ ಆಗ್ಬಾರ್ದು ಅಂತ ಅಕ್ಕಾ. ಪರದೇಶದಲ್ಲಿ, ಯಾವ ಎಂಗ್ಸಿನ ಗಂಡನೋ."

ಪಾಪಕ್ಕ ತಿರುಗದೆಯೇ ಎದ್ದು, ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಸಿಂಬೆ ಮಾಡಿ, ತಲೆಯ ಮೇಲಿಟ್ಟು, ಅದರ ಮೇಲೆ ನೀರಿನ ಮಡಕೆ ಇಟ್ಟುಕೊಂಡಳು.

"ಒತ್ತಾಯ್ತು," ಎಂದಳು. ಯಾರಿಗೆ ಎಂದು ಗೊತ್ತಾಗಲಿಲ್ಲ.

ಚಿಕ್ಕವೆಂಕಟಪ್ಪ ಜಯರಾಮಪ್ಪನ ಕಡೆ ತಲೆಯಾಡಿಸಿದ. ನಾಲ್ಕು ಜನ ಎತ್ತಿದರು. ಮುದುಕ ಹೇಳಿದಂತೆಯೇ ಚಟ್ಟ ಮುಂದೆ ಜಯರಾಮಪ್ಪನಿದ್ದ ಮೂಲೆಗೆ ವಾಲಿತು. ಅವನು ತುದಿಗಾಲಲ್ಲಿ ನಡೆಯುತ್ತಿದ್ದ.

ಲೈನುಗಳಲ್ಲಿ ಒಂದು ಪದ್ಧತಿ. ಗಣಿಯವನು ಯಾವಾಗ ಕೆಲಸ ಬಿಟ್ಟಿರಲಿ, ಹೇಗೆ ಸತ್ತಿರಲಿ, ಮಣ್ಣಿಗೆ ಒಯ್ಯುವ ಮುಂಚೆ ಶಾಫ್ಟಿನ ಕಿಟಕಿಯ ಮುಂದೆ ನಿಲ್ಲಿಸುತ್ತಾರೆ. ಹೆಂಗಸರು ಅಲ್ಲಿಯವರೆಗೆ ಬರಬಹುದು. ಮುಂದಿನ ಮೂಲೆಯವನು ಸತ್ತವನ ಹಳೆಯ ನಂಬರು ಕೂಗುತ್ತಾನೆ. ಕಿಟಕಿಯವನು ಹಲಗೆಯನ್ನು ಬೆರಳಗಂಟಿನಿಂದ ತಟ್ಟಿ "ವಂದಾಚ್" ಎನ್ನುತ್ತಾನೆ. ಬಂದಾಯಿತು ಎಂದು.

ತಮಟೆ ನಿಂತಿತು. ದೊಡ್ಡ ಚಕ್ರ ಮೇಲೆ ತಿರುಗುತ್ತಿತ್ತು. ಯಾರೋ ಇಳಿಯುತ್ತಿದ್ದರು, ಇಲ್ಲವೇ ಬರುತ್ತಿದ್ದರು.

ಜಯರಾಮಪ್ಪ ಮುನಿನಾರಾಯಣಪ್ಪನ ನಂಬರು ಕೂಗಿದ. ಕಿಟಕಿಯಲ್ಲಿದ್ದ ನಡುವಯಸ್ಸಿನವನು ಎದ್ದು ನಿಂತು ಹಲಗೆ ತಟ್ಟಿದ.

"ವಂದಾಚ್."

ಮುತ್ಯಾಲಮ್ಮನಿಗೆ ಆಗ ಅಳು ಬಂತು.

ಇನ್ನು ಮುಂದೆ ನಡೆಯಬೇಕು. ಹಿಂದಿನ ಇಬ್ಬರು ಹೆಜ್ಜೆ ಎತ್ತಿದರು. ಜಯರಾಮಪ್ಪ ಅಲುಗಲಿಲ್ಲ. ಒಂದು ಕೈಯಲ್ಲಿ ಚಟ್ಟ ಹಿಡಿದು, ಇನ್ನೊಂದು ಕೈಯನ್ನು ಸೊಂಟದ ಮಡಿಕೆಗೆ ಹಾಕಿದ. ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದ. ಅಂಚುಗಳು ಸವೆದು ನುಣ್ಣಗಾಗಿದ್ದವು. ಅದನ್ನು ಕಿಟಕಿಯ ಒಳಗೆ ಇಟ್ಟು ತನ್ನದೇ ಹಳೆಯ ನಂಬರು ಹೇಳಿದ. ಕೂಗಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ಕಿಟಕಿಯವನು ಬಿಲ್ಲೆಯನ್ನು ನೋಡಿದ, ಅವನನ್ನು ನೋಡಿದ, ಅವನ ಹಿಂದೆ ಮಡಕೆ ಹೊತ್ತು ನಿಂತಿದ್ದ ಪಾಪಕ್ಕನನ್ನು ನೋಡಿದ. ಅವನೂ ಈ ಲೈನಿನವನೇ. ಹಲಗೆಯ ಮೇಲೆ ಒಂದು ಮೊಳೆ ಹುಡುಕಿ ಬಿಲ್ಲೆ ಹಾಕಿದ.

"ವಂದಾಚ್."

ಪಾಪಕ್ಕ ಮಡಕೆಯನ್ನು ಇಳಿಸಿ ಮುತ್ಯಾಲಮ್ಮನ ಕೈಗೆ ಕೊಟ್ಟಳು. ತಲೆಯ ಮೇಲಿದ್ದ ಸಿಂಬೆಯನ್ನು ತೆಗೆದುಕೊಂಡು ಜಯರಾಮಪ್ಪನ ಹತ್ತಿರ ಹೋದಳು.

"ಎತ್ಲಾ," ಎಂದಳು.

ಅವನು ಬಿದಿರನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಅವಳು ಒದ್ದೆ ಸಿಂಬೆಯನ್ನು ಅವನ ಭುಜದ ಮೇಲಿಟ್ಟು, ಬೆರಳಿನಿಂದ ಒತ್ತಿ, ಬಿದಿರನ್ನು ಅದರ ಮೇಲೆ ಕೂರಿಸಿದಳು. ಚಟ್ಟ ಸಮವಾಯಿತು.