ರೆಕ್ಸಿನ್ ರೀ, ಅಮ್ಮಾರ

ಬೆಳಿಗ್ಗೆ ಬೋರಮ್ಮ ತುಳಸಿಗೆ ನೀರು ಹಾಕಲು ಟೆರೇಸಿಗೆ ಹತ್ತಿ ಬರುವ ಸದ್ದು ಕೇಳಿದರೆ ಸಾಕು, ದಾನಮ್ಮನ ಬಾಯಲ್ಲಿ ಆ ಮಾತು ತಾನಾಗಿಯೇ ಬಂದು ಕೂರುತ್ತಿತ್ತು. ಮನೆ ಓನರ್ ಮುದುಕಿ ಕೊನೆಯ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಟ್ಟು, ನೀರಿನ ಟ್ಯಾಂಕಿನ ನೆರಳಲ್ಲಿ ಸಾಲಾಗಿ ಇಟ್ಟ ಬ್ಯಾಗುಗಳ ಕಡೆ ಮೂಗು ಅರಳಿಸುತ್ತಿದ್ದಳು. ಅವಳು ಕೇಳಲಿ ಬಿಡಲಿ, ದಾನಮ್ಮ ಹೇಳಿಬಿಡುತ್ತಿದ್ದಳು.

“ರೆಕ್ಸಿನ್ ಬ್ಯಾಗ್ ರೀ, ಅಮ್ಮಾರ.”

“ಹೂಂ ಕಣವ್ವ, ರೆಕ್ಸಿನ್ನು,” ಎನ್ನುತ್ತಿದ್ದಳು ಬೋರಮ್ಮ.

ರೆಕ್ಸಿನ್ ಆಗಿದ್ದರೆ ಯಾರಿಗೆ ಬೇಕಿತ್ತು ಇಷ್ಟು ರಾಮಾಯಣ! ಸೋಪಿನ ನೀರಲ್ಲಿ ಅದ್ದಿ, ತಿಕ್ಕಿ, ತಂತಿಗೆ ನೇತುಹಾಕಿ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು. ಅವೆಲ್ಲ ಅಪ್ಪಟ ಚರ್ಮದ ಬ್ಯಾಗುಗಳು. ಉಳ್ಳವರ ಮನೆಯ ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದು ಬೂಷ್ಟು ಹಿಡಿದವು, ಒಳಗೆ ಲಿಪ್‌ಸ್ಟಿಕ್ ಕರಗಿದವು, ಜಿಪ್ಪು ಕಚ್ಚಿಕೊಂಡವು. ಬಸವೇಶ್ವರನಗರದ ಇಂಚರಾ ಎಂಬ ಹುಡುಗಿ ಅಂಥವನ್ನು ಹುಡುಕಿ ಕೊಂಡು ತಂದು, ದಾನಮ್ಮನ ಕೈಲಿ ಸರಿಮಾಡಿಸಿ, ಫೋನಿನಲ್ಲಿ ಫೋಟೋ ಹಾಕಿ ಮಾರುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಮಿಷನ್ ತುಳಿದು ತುಳಿದು ಸೊಂಟ ಬಿದ್ದುಹೋದ ಮೇಲೆ ದಾನಮ್ಮನಿಗೆ ಸಿಕ್ಕ ಕೂತು ಮಾಡುವ ಕೆಲಸ ಇದೊಂದೇ.

ಕೂತು ಮಾಡುವ ಕೆಲಸ ಎಂದು ಸುಲಭವೇನಲ್ಲ. ಮೊದಲು ಬ್ಯಾಗಿನ ಹೊಟ್ಟೆ ಹೊರಗೆಳೆದು ಕಸ ಕೊಡವಬೇಕು. ಹಳೇ ಬಸ್ ಟಿಕೆಟ್ಟು, ಪಿನ್ನು, ಅಂಟಿಕೊಂಡ ಬಿಂದಿ, ಕರಗಿ ಗಟ್ಟಿಯಾದ ಪೆಪ್ಪರಮಿಂಟು. ಚರ್ಮಕ್ಕೆಂದೇ ಬರುವ ಸೋಪನ್ನು ಒದ್ದೆ ಬಟ್ಟೆಗೆ ಹಚ್ಚಿ, ಬಟ್ಟೆಯನ್ನು ಹನಿ ಉಳಿಯದಂತೆ ಹಿಂಡಿ, ಸುತ್ತಿ ಸುತ್ತಿ ಒರೆಸಬೇಕು. ಹೊಲಿಗೆಯ ಸಂದಿಗೆ ಹಲ್ಲುಜ್ಜುವ ಹಳೇ ಬ್ರಷ್ಷು, ಹಿತ್ತಾಳೆ ಬಕ್ಕಲ್ಲಿಗೆ ಹುಣಸೆಹಣ್ಣು, ಜಿಪ್ಪಿಗೆ ಮೇಣದಬತ್ತಿ, ವಾಸನೆ ಹೋಗಲು ಒಳಗೊಂದು ಸೋಡಾಪುಡಿಯ ಗಂಟು. ಆಮೇಲೆ ಪೇಪರ್ ತುರುಕಿ ಆಕಾರ ನಿಲ್ಲಿಸಿ ನೆರಳಲ್ಲಿ ಒಣಗಿಸಿ, ಕ್ರೀಮು ಹಚ್ಚಿ ಕೈ ಸೋಲುವ ತನಕ ಉಜ್ಜಬೇಕು. ಇಡೀ ಕೆಲಸದಲ್ಲಿ ಹೆದರಬೇಕಾದದ್ದು ನೀರಿಗೆ. ಒಂದು ಲೋಟ ನೀರು ಚೆಲ್ಲಿದರೂ ಮಾಡಿದ್ದೆಲ್ಲ ಮಣ್ಣುಪಾಲು.

ಆದರೆ ದಾನಮ್ಮನನ್ನು ನಿಜವಾಗಿ ಸುಸ್ತು ಮಾಡುತ್ತಿದ್ದದ್ದು ಉಜ್ಜುವುದಲ್ಲ, ಆ ಸುಳ್ಳು. ಹಿಂದಿನ ಮನೆ ವಿಜಯನಗರದಲ್ಲಿತ್ತು. ಅಲ್ಲಿ ಓನರಮ್ಮ ಕೇಳಿದಾಗ ಅವಳು ಹಿಂದೆಮುಂದೆ ನೋಡದೆ ಚರ್ಮದ ಬ್ಯಾಗು ಎಂದುಬಿಟ್ಟಿದ್ದಳು. ಓನರಮ್ಮ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. “ಚರ್ಮ ಮುಟ್ಟೋ ಕೆಲಸ ಅಂತ ಮೊದ್ಲೇ ಹೇಳ್ಬೇಕಿತ್ತಲ್ವಾ? ನೀವು ಯಾವ ಪೈಕಿ?” ಎಂದು ಶುರುವಾದದ್ದು, ಬಾಗಿಲ ಮುಂದೆ ಅರಿಶಿನದ ನೀರು ಚಿಮುಕಿಸುವ ತನಕ ಹೋಗಿ, ಮನೆ ಖಾಲಿ ಮಾಡುವುದರಲ್ಲಿ ಮುಗಿಯಿತು. ಬಾಡಿಗೆ ಟೆಂಪೋದಲ್ಲಿ ಪಾತ್ರೆಗಳ ಮಧ್ಯೆ ಕೂತು ಕುರುಬರಹಳ್ಳಿಗೆ ಬರುವಾಗ ಗಂಡ ಭರಮಪ್ಪ ಒಂದೇ ಮಾತು ಹೇಳಿದ್ದ. “ಇನ್ನ ಮ್ಯಾಲೆ ಯಾರರ ಕೇಳಿದ್ರ ರೆಕ್ಸಿನ್ ಅನ್ನು.”

ಅಂದಿನಿಂದ ಅವಳು ರೆಕ್ಸಿನ್ ಅನ್ನುತ್ತಿದ್ದಾಳೆ. ಪಕ್ಕದ ಮನೆಯವರಿಗೆ, ಗ್ಯಾಸ್ ತರುವವನಿಗೆ, ಕಡೆಗೆ ಗದಗದಿಂದ ಫೋನು ಮಾಡುವ ಅತ್ತೆ ಪಾರವ್ವನಿಗೂ ರೆಕ್ಸಿನ್. ನಿಜ ಹೇಳಬೇಕೆಂದರೆ ಅವಳಿಗೇ ಒಳಗೊಳಗೆ ಅಳುಕಿತ್ತು. ಕೈಗೆ ಲಿಂಬೆಹಣ್ಣು ತಿಕ್ಕಿ ತೊಳೆದುಕೊಂಡ ಮೇಲೂ ಬೆರಳು ಮೂಸಿ ನೋಡದೆ ದೇವರ ಮುಂದೆ ದೀಪ ಹಚ್ಚುತ್ತಿರಲಿಲ್ಲ. ತಾನು ನಾಚಿಕೊಳ್ಳುವುದನ್ನೇ ಬೇರೆಯವರು ಎತ್ತಿ ಆಡಿದಾಗ ಬರುವ ಸಿಟ್ಟಿಗೆ ದಿಕ್ಕೇ ಇರುವುದಿಲ್ಲ. ಆ ಸಿಟ್ಟನ್ನು ಅವಳು ಬ್ಯಾಗುಗಳ ಮೇಲೆ ಉಜ್ಜಿ ಉಜ್ಜಿ ತೀರಿಸಿಕೊಳ್ಳುತ್ತಿದ್ದಳು.

ಈ ಮನೆ ಅವಳಿಗೆ ಬಿಡಲಾರದ ಮನೆಯಾಗಿತ್ತು. ಟೆರೇಸಿನ ಮೇಲೆ ಒಂದೇ ರೂಮು, ನಿಜ. ರಾತ್ರಿಪಾಳಿ ವಾಚ್‌ಮನ್ ಕೆಲಸದ ಭರಮಪ್ಪ ಹಗಲೆಲ್ಲ ಅದರಲ್ಲಿ ಗೊರಕೆ ಹೊಡೆಯುತ್ತಾನೆ, ನಿಜ. ಆದರೆ ಹೊರಗೆ ಟ್ಯಾಂಕಿನ ದೊಡ್ಡ ನೆರಳು, ಒಳ್ಳೆ ಗಾಳಿ. ಬ್ಯಾಗು ಒಣಗಿಸಲು ಇಂಥ ಜಾಗ ಈ ಬಾಡಿಗೆಗೆ ಸುತ್ತಮುತ್ತ ಎಲ್ಲೂ ಸಿಗುವುದಿಲ್ಲ. ಬೋರಮ್ಮನ ಕಿವಿಗೆ ಚರ್ಮ ಎಂಬ ಮಾತು ಬಿತ್ತೋ, ಅವಳ ಮಗ ಅರುಣ್ ಕುಮಾರನಿಗೆ ಗೊತ್ತಾಗುತ್ತದೆ; ಅವನಿಗೆ ಗೊತ್ತಾದರೆ ಮತ್ತೆ ಟೆಂಪೋ, ಮತ್ತೆ ಪಾತ್ರೆ. ಮುದುಕಿಯ ಮೂಗು ಅರಳಿದಾಗಲೆಲ್ಲ ದಾನಮ್ಮನಿಗೆ ಆ ಟೆಂಪೋ ಕಣ್ಣ ಮುಂದೆ ಬರುತ್ತಿತ್ತು.

ಹೀಗಿರುವಾಗ ಇಂಚರಾ ಒಂದು ಕಂದು ಬ್ಯಾಗು ಕೊಟ್ಟಳು. ದಪ್ಪ ಚರ್ಮ, ಅಗಲ ಪಟ್ಟಿ, ಹಳೇ ಕಾಲದ ಗಟ್ಟಿ ಹೊಲಿಗೆ. ರಿಪೇರಿಗೆ ಮೊದಲೇ ಯಾರೋ ಮುಂಗಡ ಕೊಟ್ಟು ಕಾಯುತ್ತಿದ್ದರು. ದಾನಮ್ಮ ಅದರ ಮೇಲಿನ ಹಳೇ ಪಾಲಿಶನ್ನೆಲ್ಲ ತೆಗೆದಳು. ತೆಗೆದ ಮೇಲೆ ಬ್ಯಾಗು ಬಾಯಾರಿದ ದನದ ಮೂತಿಯಂತೆ ಬಿಳಚಿಕೊಂಡು, ಪಟ್ಟಿಯ ಮೇಲಿನ ಸಣ್ಣ ಬಿರುಕುಗಳೆಲ್ಲ ಎದ್ದು ಕಂಡವು. ಅದು ಹಾಗೇ ಕಾಣಬೇಕಾದದ್ದು. ಒಂದು ದಿನ ಆರಿದ ಮೇಲೆ ಕ್ರೀಮು ಕುಡಿಸಿದರೆ ಸರಿಹೋಗುತ್ತದೆ. ಪೇಪರ್ ತುರುಕಿ ನೆರಳಲ್ಲಿ ಇಟ್ಟು, ಮುಗಿದಿದ್ದ ಬೇರೆ ಬ್ಯಾಗುಗಳನ್ನು ಇಂಚರಾಳಿಗೆ ಮುಟ್ಟಿಸಲು ಅವಳು ಬಸ್ಸು ಹತ್ತಿದಳು.

ವಾಪಸು ಬಂದಾಗ ಮಧ್ಯಾಹ್ನ. ಕಂದು ಬ್ಯಾಗು ಇಟ್ಟ ಜಾಗದಲ್ಲಿ ಇರಲಿಲ್ಲ. ತುಳಸಿ ಕುಂಡದ ಪಕ್ಕ ಬೋರಮ್ಮನ ನೀಲಿ ಬಕೆಟ್ಟು ಇತ್ತು, ತುಂಬ ನೀರಿತ್ತು, ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತೇಲದಿರಲೆಂದು ಮೇಲೊಂದು ಕಲ್ಲು ಹೇರಿತ್ತು. ಕಲ್ಲಿನ ಕೆಳಗಿತ್ತು ಬ್ಯಾಗು.

ದಾನಮ್ಮ ಓಡಿದಳು. ಕಲ್ಲು ಎತ್ತಿ ಎಸೆದು ಬ್ಯಾಗು ಹೊರಗೆಳೆದಳು. ಒಳಗಿನ ರಟ್ಟು ಉಬ್ಬಿ ಗಂಜಿಯಾಗಿತ್ತು, ಅಂಟು ಬಿಟ್ಟು ಒಳಬಟ್ಟೆಯ ಅಸ್ತರಿ ಜೋತಾಡುತ್ತಿತ್ತು, ಬಣ್ಣ ಇಳಿದು ಅಲ್ಲಲ್ಲಿ ಮಚ್ಚೆ ಬಿದ್ದಿತ್ತು. ಅವಳಿಗೆ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ರೆಕ್ಸಿನ್ ಎಂದು ತಾನೇ ದಿನಾ ಹೇಳಿದ್ದಳಲ್ಲ. ಪಾಪ, ಮುದುಕಿ ಮಾಸಿದ ರೆಕ್ಸಿನ್ನೆಂದು ತೊಳೆಯಲು ಹಾಕಿದ್ದಾಳೆ. ತನ್ನ ಸುಳ್ಳೇ ತಿರುಗಿ ಬಂದು ತನ್ನ ಅನ್ನಕ್ಕೆ ನೀರು ಹೊಯ್ದಿತ್ತು.

ಅಷ್ಟರಲ್ಲಿ ಬೋರಮ್ಮನೇ ಮೇಲೆ ಬಂದಳು. ಮುಖದ ತುಂಬ ಒಂದು ಉಪಕಾರ ಮಾಡಿದ ಕಳೆ.

“ಅಯ್ಯೋ, ಯಾಕವ್ವ ತೆಗೆದೆ? ಸಂಜೆ ಗಂಟ ನೆನೀಬೇಕಿತ್ತು.”

ದಾನಮ್ಮನಿಗೆ ಕೂಗಾಡಬೇಕೆನಿಸಿತು. ಬಕೆಟ್ಟನ್ನು ಒದೆಯಬೇಕೆನಿಸಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಏನಂತ ಹೇಳುವುದು? ಕೆಡಿಸಿದಿರಿ ಎಂದರೆ, ರೆಕ್ಸಿನ್ನು ನೀರಿಗೆ ಯಾಕೆ ಕೆಡುತ್ತದೆ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಮನೆ ಹೋಯಿತು.

“ಸಾಕ್ರಿ ಅಮ್ಮಾರ. ಭಾಳ ನೆನದೈತ್ರಿ,” ಎಂದಳು. ಆ ದನಿ ತನ್ನದೇ ಎಂದು ಅವಳಿಗೇ ನಂಬಲಾಗಲಿಲ್ಲ.

ಬ್ಯಾಗನ್ನು ಹಳೇ ಟವೆಲಿನಲ್ಲಿ ಸುತ್ತಿ ಒತ್ತಿದಳು, ಬೇರೆ ಟವೆಲು ತಂದು ಮತ್ತೆ ಒತ್ತಿದಳು. ಒತ್ತಿದಷ್ಟೂ ಕಂದು ನೀರು. ರೂಮಿನೊಳಗೆ ಭರಮಪ್ಪ ಮಗ್ಗುಲಾದ ಸದ್ದು ಕೇಳಿತು. ಎಬ್ಬಿಸಿ ಹೇಳೋಣವೆಂದುಕೊಂಡು ಸುಮ್ಮನಾದಳು. ಅವನಾದರೂ ಏನು ಮಾಡಿಯಾನು?

ಸಂಜೆ ಇಂಚರಾಳ ಫೋನು ಬಂತು.

“ಆಂಟಿ, ಬ್ರೌನ್ ಬ್ಯಾಗ್ ಎಲ್ಲಿಗೆ ಬಂತು? ಕಸ್ಟಮರ್ ದಿನಾ ಮೆಸೇಜ್ ಮಾಡ್ತಾ ಇದಾರೆ.”

“ಅದು ಕೆಟ್ಟೈತ್ರಿ. ನೀರಾಗ ಬಿದ್ದಿತ್ರಿ.”

“ನೀರಲ್ಲಿ ಬಿತ್ತಾ? ಹೇಗೆ ಆಂಟಿ? ನೀವು ಅಷ್ಟು ಕೇರ್‌ಫುಲ್ ಆಗಿರ್ತೀರಲ್ಲ?”

ಕೆಳಗಡೆ ಬೋರಮ್ಮ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದುದು ಕೇಳುತ್ತಿತ್ತು. ದಾನಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

“ನನ್ನ ಕೈಲೇ ಆತ್ರಿ,” ಎಂದಳು.

“ಸರಿ ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮತ್ರ ಇರೋದನ್ನ ಮುಗಿಸಿ ಕೊಡಿ. ಹೊಸದು ಕೊಡೋದರ ಬಗ್ಗೆ ಆಮೇಲೆ ಮಾತಾಡೋಣ.” ಆ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮಾತಾಡೋಣ ಎನ್ನುವುದರ ಅರ್ಥ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತಿರುತ್ತದೆ.

ಮರುದಿನ ಬ್ಯಾಗು ಆರುತ್ತ ಆರುತ್ತ ಬಿಗಿಯತೊಡಗಿತು. ಪಟ್ಟಿ ಮುರುಟಿಕೊಂಡಿತು, ಬಾಯಿ ಸೊಟ್ಟಗಾಯಿತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ದಾನಮ್ಮ ಟ್ಯಾಂಕಿಗೆ ಒರಗಿ ಕೂತಳು. ಅಳಬೇಕೆಂದು ಕೂತವಳಲ್ಲ, ಸೊಂಟ ನೋಯುತ್ತಿತ್ತು, ಅದಕ್ಕೆ ಕೂತದ್ದು. ಕೂತ ಮೇಲೆ ಕಣ್ಣೀರು ತಾನಾಗಿ ಬಂತು. ಸಾಕಾಗಿತ್ತು ಅವಳಿಗೆ. ಉಜ್ಜಿ ಸಾಕಾಗಿತ್ತು, ಬೆರಳು ಮೂಸಿ ಸಾಕಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು ಮಾತು ಹೇಳಿ ಹೇಳಿ ಸಾಕಾಗಿತ್ತು.

ಬೋರಮ್ಮ ಮೇಲೆ ಬಂದದ್ದು ಅವಳಿಗೆ ಕೇಳಿಸಲೇ ಇಲ್ಲ. ಮುದುಕಿ ಪಕ್ಕದಲ್ಲಿ ಉಸ್ಸೆಂದು ಕೂತು, ಸೆರಗಿನ ಮರೆಯಿಂದ ಒಂದು ಬಟ್ಟಲು ತೆಗೆದು ನೆಲದ ಮೇಲಿಟ್ಟಳು. ಹರಳೆಣ್ಣೆ.

“ಕೊಡಿಲ್ಲಿ. ಪೂರ್ತಿ ಒಣಗೋಕೆ ಮುಂಚೆ ಎಣ್ಣೆ ಕುಡಿಸ್ಬೇಕು. ನೆನೆಹಾಕಿದ್ದೇ ಅದುಕ್ಕೆ. ನೀನು ಬಿರ್ರನೆ ತೆಗೆದ್‌ಬಿಟ್ಟೆ.”

ದಾನಮ್ಮ ಕಣ್ಣೊರೆಸಿಕೊಂಡಳು. “ಎಣ್ಣಿ ಯಾಕ್ರಿ?”

“ತೊಗಲಿಗೆ ಎಣ್ಣೆ ಹಾಕ್ದೆ ಇನ್ನೇನ್ ಹಾಕ್ತಾರೆ?”

“ರೆಕ್ಸಿನ್ ಬ್ಯಾಗ್ ರೀ, ಅಮ್ಮಾರ.” ಹೇಳಬೇಕೆಂದು ಹೇಳಿದ್ದಲ್ಲ. ಅಭ್ಯಾಸಬಲ, ಬಾಯಿ ಹೇಳಿಬಿಟ್ಟಿತು.

ಬೋರಮ್ಮ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. “ಕಪಿಲೆ ಬಾವಿ ನೋಡಿದೀಯಾ ನೀನು? ಈ ಮನೆ ಐತಲ್ಲ, ಇದರಡಿಗೆ ನಮ್ಮದೊಂದು ಬಾವಿ ಇತ್ತು. ಎತ್ತು ಕಟ್ಟಿ ನೀರೆತ್ತೋದು. ನೀರೆತ್ತೋ ಚೀಲ ತೊಗಲಿಂದು, ಮಗು ಗಾತ್ರಕ್ಕಿರೋದು. ಮದ್ವೆಯಾಗಿ ಬಂದಾಗಿಂದ ಅದುಕ್ಕೆ ಎಣ್ಣೆ ಉಣ್ಣಿಸೋ ಕೆಲ್ಸ ನಂದೇ. ಒಣಗಿ ಬಿರುಕು ಬಿಡ್ತು ಅಂದ್ರೆ ನಮ್ಮಾವ ಹೊಡೆಯೋಕೇ ಬರೋರು. ನೆನೆಹಾಕು, ಎಣ್ಣೆ ಹಾಕು, ನೆನೆಹಾಕು, ಎಣ್ಣೆ ಹಾಕು. ನನಗೆ ತೊಗಲ ವಾಸ್ನೆ ಗೊತ್ತಾಗಕಿಲ್ವಾ?”

“ಮೊದ್ಲಿಂದಾನೂ ಗೊತ್ತಿತ್ತೇನ್ರಿ ನಿಮಗ?”

“ನೀವು ಸಾಮಾನು ಇಳಿಸಿದ ದಿವ್ಸಾನೇ.”

“ಮತ್ತ ಒಂದ್ ಮಾತು ಅನ್ನಲಿಲ್ಲಲ್ರಿ!”

“ನಿನಗೆ ರೆಕ್ಸಿನ್ನು ಅಂತ ಹೇಳ್ಬೇಕು ಅನ್ಸಿತ್ತು, ಹೇಳ್ದೆ. ನಾನ್ಯಾಕೆ ಎದುರಾಡ್ಲಿ? ಖಾಲಿ ಮಾಡು ಅಂತೀನಿ ಅಂದ್ಕೊಂಡ್ಯಾ? ಮನೆ ನಂದು ಕಣವ್ವ, ಅರುಣಂದಲ್ಲ. ತೊಗಲಲ್ಲಿ ಎತ್ತಿದ ನೀರು ಕುಡ್ದೇ ಬೆಳೆದಿರೋದು ನಾವೆಲ್ಲ.”

ದಾನಮ್ಮನಿಗೆ ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. ದಿನಾ ಬೆಳಿಗ್ಗೆ ತಾನು ನಡುಗಿದ್ದು ಯಾತಕ್ಕೆ? ಮುದುಕಿ ಬ್ಯಾಗನ್ನು ನೀರಿಗೆ ಹಾಕಿದ್ದು ರೆಕ್ಸಿನ್ ಎಂದು ನಂಬಿ ಅಲ್ಲ, ಚರ್ಮ ಎಂದು ಗೊತ್ತಿದ್ದೇ. ಚರ್ಮ ಎಂದು ಮೊದಲ ದಿನವೇ ಹೇಳಿದ್ದರೆ ಇಬ್ಬರೂ ಕೂತು ಆ ವಿಷಯ ಮಾತಾಡುತ್ತಿದ್ದರು. ಈ ಚರ್ಮಕ್ಕೆ ನೀರಾಗದು ಎಂದು ಒಂದು ಮಾತು ಹೇಳಿದ್ದರೆ ಮುದುಕಿ ಮುಟ್ಟುತ್ತಲೇ ಇರಲಿಲ್ಲ.

ಬೋರಮ್ಮ ಆಗಲೇ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮೂರು ಬೆರಳಿಂದ, ಒತ್ತಿ, ಕೂಸಿಗೆ ತಲೆಗೆಣ್ಣೆ ತಟ್ಟುವಂತೆ. ಆ ಕೈಗೆ ಕೆಲಸ ಮರೆತಿರಲಿಲ್ಲ. ಬ್ಯಾಗು ಎಣ್ಣೆ ಕುಡಿದು ಕಪ್ಪಾಗುತ್ತ ಹೋಯಿತು, ಬಿಗಿ ಸಡಿಲವಾಯಿತು. ಕಪಿಲೆಯ ಚೀಲವಾಗಿದ್ದರೆ ಇನ್ನೊಂದು ಬೇಸಿಗೆ ನೀರೆತ್ತುತ್ತಿತ್ತೇನೋ. ಕಾಸು ಕೊಟ್ಟು ಕೊಳ್ಳುವ ಬ್ಯಾಗಂತೂ ಅದು ಇನ್ನು ಆಗುವಂತಿರಲಿಲ್ಲ.

“ಹೆಂಗಾಯ್ತು ನೋಡು,” ಎಂದು ಬೋರಮ್ಮ ಬ್ಯಾಗನ್ನು ಎತ್ತಿ ಹಿಡಿದಳು.

“ಚಲೋ ಆಗೇತ್ರಿ,” ಎಂದಳು ದಾನಮ್ಮ.

ಮುದುಕಿಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅವಳ ಕೈಗೆ ಯಾರೂ ಒಂದು ಕೆಲಸ ಕೊಟ್ಟಿರಲಿಲ್ಲವೆಂದು ಆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನೆರಳಲ್ಲಿ ಉಳಿದಿದ್ದ ಬ್ಯಾಗುಗಳ ಕಡೆ ಕೈ ತೋರಿಸಿ, “ಅವನ್ನೂ ತಗೊಂಬಾ. ಬಕೆಟ್ಟು ಇಲ್ಲೇ ಐತೆ. ಒಟ್ಟಿಗೆ ನೆನೆಹಾಕ್‌ಬಿಡೋಣ,” ಎಂದಳು.

ದಾನಮ್ಮ ಆ ಬ್ಯಾಗುಗಳನ್ನು ನೋಡಿದಳು. ಅವಳ ಕೈಲಿ ಉಳಿದಿದ್ದ ಕೆಲಸವೆಲ್ಲ ಅಷ್ಟೇ.

“ಅವು ರೆಕ್ಸಿನ್ ರೀ, ಅಮ್ಮಾರ.”

ಎಣ್ಣೆಯ ಬಟ್ಟಲಿಗೆ ಹೋಗುತ್ತಿದ್ದ ಬೋರಮ್ಮನ ಕೈ ಅಲ್ಲೇ ನಿಂತಿತು. ಅವಳು ಮೂಗು ಅರಳಿಸಲಿಲ್ಲ. ತೊಡೆಯ ಮೇಲಿದ್ದ ಕಂದು ಬ್ಯಾಗನ್ನು ನೋಡಿದಳು, ಅದರ ಸೊಟ್ಟ ಬಾಯಿ ನೋಡಿದಳು, ಜೋತುಬಿದ್ದ ಅಸ್ತರಿಯನ್ನು ಒಳಗೆ ತಳ್ಳಿದಳು. ಅದು ಮತ್ತೆ ಹೊರಗೆ ಜೋತುಬಿತ್ತು. ಆಮೇಲೆ ದಾನಮ್ಮನ ಕೆಂಪಗೆ ಊದಿಕೊಂಡ ಕಣ್ಣು ನೋಡಿದಳು.

“ಹೂಂ ಕಣವ್ವ,” ಎಂದಳು ಸಣ್ಣ ದನಿಯಲ್ಲಿ. “ರೆಕ್ಸಿನ್ನು.”

ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ನೀಲಿ ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿ, ಅದನ್ನು ಹಿಡಿದುಕೊಂಡು, ಇನ್ನೊಂದು ಕೈಲಿ ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಆ ಬಕೆಟ್ಟು ಮತ್ತೆ ಮೇಲೆ ಬರಲಿಲ್ಲ.